ಎರಡನೆಯ ಸ್ಥಾನದ ಸೇವೆ
(ಆಟದ ಬೈಲಿನಿಂದ ಒಂದು ಪಾಠ)



ಮುಂಗಾರಿನ ಬಿತ್ತಿಗೆಯ ಕಾಲದಲ್ಲಿ ನಮ್ಮ ಹಂಸಭಾವಿಯ ಸುತ್ತಲಿನ ಹೊಲಗಳಲ್ಲಿ ಕೂರಿಗೆ ಹೂಡಿದ್ದನ್ನು ನೀವು ನೋಡಿರುವಿರಿ. ಎತ್ತುಗಳನ್ನು ಹೊಡೆಯುವವನು ದೂರದಿಂದಲೇ ಕಾಣುವನು. ಅವನ ಕೂಗು ಹಾದಿಯವರೆಗೂ ಕೇಳಿಸುವದು. ಆದರೆ ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಸಮನಾಗಿ ಕಾಳು ಬಿಡುತ್ತ ನಡೆಯುವ ಹೆಣ್ಣುಮಗಳನ್ನು ಹಾದಿಹೋಕರು ಲಕ್ಷಿಸುವದಿಲ್ಲ. ಅವಳ ಕೈ ತಪ್ಪಿದರೆ ಸಾಲು ಬರಿದಾಗುವದು; ಅದು ತಿಳಿಯುವದು ಮಾತ್ರ ಮೊಳಕೆ ಏಳುವ ದಿನ. ಜಗತ್ತಿನಲ್ಲಿ ಎಷ್ಟೋ ದೊಡ್ಡ ಕಾರ್ಯಗಳು ಇಂಥ ಎರಡನೆಯ ಸ್ಥಾನದವರ ಕೈಯಿಂದಲೇ ನೆರವೇರುತ್ತವೆ. ಆಟದ ಬೈಲಿನಲ್ಲಿ ಇಂಥ ಸೇವೆಯನ್ನು ನಾಲ್ವತ್ತು ವರ್ಷ ಸಲ್ಲಿಸಿದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಇಲ್ಲಿ ವಿಚಾರಿಸೋಣ.

ಆಟದ ಹುಟ್ಟು

ಬಾಸ್ಕೆಟ್‌ಬಾಲ್ ಆಟವು 1891ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿತು. ಅಲ್ಲಿಯ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕರಾದ ಜೇಮ್ಸ್ ನೈಸ್ಮಿತ್ ಎಂಬವರು ದೇವಜ್ಞಾನಶಾಸ್ತ್ರವನ್ನು ಕಲಿತವರು. ಚಳಿಗಾಲದಲ್ಲಿ ಮನೆಯೊಳಗೆ ಆಡತಕ್ಕ ಆಟವೊಂದು ಬೇಕಾದಾಗ ಅವರು ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಬಡಿಸಿ, 13 ನಿಯಮಗಳನ್ನು ಬರೆದು, ಈ ಆಟವನ್ನು ಆರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ, ಅದೇ ಪ್ರಾಂತದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿಯು ಅದನ್ನು ಹೆಣ್ಣುಮಕ್ಕಳಿಗೆ ಕಲಿಸಿದಳು. ಹುಡುಗಿಯರು ಬಹಳ ಓಡಬಾರದೆಂಬ ಆ ಕಾಲದ ಅಭಿಪ್ರಾಯಕ್ಕೆ ಅನುಸರಿಸಿ ಅವಳು ಅಂಗಳವನ್ನು ಮೂರು ಭಾಗ ಮಾಡಿ, ಯಾರೂ ತಮ್ಮ ಭಾಗವನ್ನು ದಾಟದಂತೆ ನಿಯಮವನ್ನಿಟ್ಟಳು. ನಮ್ಮ ದೇಶದಲ್ಲಿಯೂ ಈ ಆಟವು ಹಬ್ಬುವದಕ್ಕೆ ವೈ.ಎಂ.ಸಿ.ಎ. ಸಂಸ್ಥೆಯೇ ಮುಖ್ಯ ಕಾರಣ. ಆ ಸಂಸ್ಥೆಯವರಾದ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ಶಾರೀರಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳಿಗೆ ಗೆರೆ ಎಳೆದು ನಿಲ್ಲಿಸಿದ ಇದೇ ಆಟದಲ್ಲಿ ಭಾರತದ ಸ್ತ್ರೀಯರು 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಕಜಾಕಸ್ತಾನದವರನ್ನು 75ಕ್ಕೆ 73ರಂತೆ ಸೋಲಿಸಿ ಏಶಿಯಾ ಕಪ್ಪಿನ ‘ಬಿ’ ವಿಭಾಗವನ್ನು ಗೆದ್ದರು.

ಸಹಾಯಕ ಕೋಚಿನ ಕೆಲಸ

ಅಮೇರಿಕೆಯ ಕಾಲೇಜುಗಳಲ್ಲಿ ಪ್ರತಿ ತಂಡಕ್ಕೂ ಒಬ್ಬ ಮುಖ್ಯ ಕೋಚ್ ಇರುವರು. ಅವರ ಕೈಕೆಳಗೆ ಸಹಾಯಕ ಕೋಚುಗಳಿರುವರು. ಗೆದ್ದರೆ ಪತ್ರಿಕೆಯಲ್ಲಿ ಹೆಸರು ಬರುವದು ಮುಖ್ಯರದೇ. ಸಹಾಯಕರ ಕೆಲಸವಾದರೋ ಆಟದ ದಿನಕ್ಕಿಂತ ಬಹಳ ಮುಂಚೆಯೇ ಆರಂಭವಾಗುವದು. ಊರೂರಿನ ಹೈಸ್ಕೂಲುಗಳಿಗೆ ಹೋಗಿ ಒಳ್ಳೆಯ ಆಟಗಾರ್ತಿಯರನ್ನು ಗುರುತಿಸಬೇಕು. ಅವರ ತಂದೆತಾಯಿಗಳೊಡನೆ ಕುಳಿತು, ಮಗಳನ್ನು ದೂರದ ಊರಿಗೆ ಕಳುಹಿಸುವ ಭಯವನ್ನು ಕಳೆಯಬೇಕು. ಎದುರಾಳಿಗಳ ಆಟದ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಅವರ ರೀತಿಯನ್ನು ಬರೆದುಕೊಳ್ಳಬೇಕು. ಎಡಗೈ ಬಲವಿಲ್ಲದವಳಿಗೆ ಎಡಗೈಯಿಂದಲೇ ನೂರು ಸಲ ಚೆಂಡು ಪುಟಿಸಲು ಹಚ್ಚಬೇಕು. ಐದು ತಪ್ಪುಗಳಾದ ಆಟಗಾರ್ತಿಯು ಅಂಗಳದಿಂದ ಹೊರಗೆ ಹೋಗಬೇಕಾದದ್ದರಿಂದ, ಯಾರಿಗೆ ಎಷ್ಟು ತಪ್ಪುಗಳಾದವೆಂಬ ಲೆಕ್ಕವನ್ನೂ ಇಡಬೇಕು. ಇವೆಲ್ಲವುಗಳಿಗಿಂತ ಕಠಿಣವಾದ ಕೆಲಸ ಇನ್ನೊಂದುಂಟು: ಮುಖ್ಯ ಕೋಚಿನಿಂದ ಬೈಸಿಕೊಂಡು ಕಣ್ಣೀರು ತಂದುಕೊಂಡ ಹುಡುಗಿಯ ಬಳಿಗೆ ಹೋಗಿ, ಬೈಗಳನ್ನು ಸುಳ್ಳು ಮಾಡದೆ, ಹುಡುಗಿಯ ಧೈರ್ಯವನ್ನೂ ಕೆಡಿಸದೆ ಮಾತಾಡುವದು.

ಕ್ರಿಸ್ ಡೇಲಿಯವರ ವೃತ್ತಾಂತ

ಕನೆಕ್ಟಿಕಟ್ ಪ್ರಾಂತದ ಸ್ಟೋರ್ಸ್ ಎಂಬುದು ದೊಡ್ಡ ಶಹರವಲ್ಲ. 1881ರಲ್ಲಿ ಒಕ್ಕಲುತನದ ಶಾಲೆಯಾಗಿ ಅಲ್ಲಿ ಹುಟ್ಟಿದ ಸಂಸ್ಥೆಯೇ ಇಂದು ವಿಶ್ವವಿದ್ಯಾಲಯವಾಗಿದೆ. 1985ರಲ್ಲಿ ಅಲ್ಲಿಯ ಸ್ತ್ರೀಯರ ತಂಡಕ್ಕೆ ಇಟಲಿಯಲ್ಲಿ ಹುಟ್ಟಿದ ಜೀನೋ ಔರಿಯೆಮ್ಮಾ ಎಂಬವರು ಮುಖ್ಯ ಕೋಚಾಗಿ ಬಂದರು. ಅವರೊಡನೆ ಸಹಾಯಕರಾಗಿ ಬಂದವರೇ ಕ್ರಿಸ್ ಡೇಲಿ. ಡೇಲಿಯವರು ಆಟವನ್ನರಿಯದವರಲ್ಲ, 1982ರಲ್ಲಿ ಸ್ತ್ರೀಯರ ಕಾಲೇಜುಗಳ ರಾಷ್ಟ್ರೀಯ ಪದವಿಯನ್ನು ಗೆದ್ದ ರಟ್ಗರ್ಸ್ ತಂಡದಲ್ಲಿ ಸ್ವತಃ ಆಡಿದವರು.

ಅವರು ಬಂದಾಗ ಆ ತಂಡಕ್ಕೆ ಹೆಸರಿರಲಿಲ್ಲ. ಅದುವರೆಗಿನ ಎಲ್ಲ ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾದದ್ದು ಒಂದೇ ವರ್ಷ. ಇವರ ಮೊದಲನೆಯ ವರ್ಷದಲ್ಲಿಯೂ 12 ಗೆಲುವು, 15 ಸೋಲು. ಈ ಫಲವನ್ನು ಕಂಡು ಅವರು ಬಿಟ್ಟುಹೋಗಲಿಲ್ಲ. ಆರನೆಯ ವರ್ಷದಲ್ಲಿ, ಅಂದರೆ 1991ರಲ್ಲಿ, ತಂಡವು ರಾಷ್ಟ್ರದ ಕಡೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. 1995ರಲ್ಲಿ 35 ಆಟಗಳನ್ನಾಡಿ ಒಂದನ್ನೂ ಸೋಲದೆ ಮೊದಲನೆಯ ರಾಷ್ಟ್ರೀಯ ಪದವಿಯನ್ನು ಪಡೆಯಿತು. 2014ರಿಂದ 2017ರ ವರೆಗೆ ಸಾಲಾಗಿ 111 ಆಟಗಳನ್ನು ಗೆದ್ದಿತು. 2025ರ ಏಪ್ರಿಲ್ ತಿಂಗಳಲ್ಲಿ ಹನ್ನೆರಡನೆಯ ಪದವಿ ಬಂದಿತು. ಈ ಹನ್ನೆರಡು ಸಲವೂ ಬೆಂಚಿನ ಮೇಲೆ ಔರಿಯೆಮ್ಮಾ ಅವರ ಪಕ್ಕದಲ್ಲಿ ಡೇಲಿಯವರೇ ಇದ್ದರು.

ಹುಡುಗಿಯರನ್ನು ಹುಡುಕಿ ತರುವ ಕೆಲಸದಲ್ಲಿ ಅವರ ಕೈ ದೊಡ್ಡದು. ಅದಕ್ಕಿಂತಲೂ ಅವರು ಹೆಸರಾದದ್ದು ಸಣ್ಣ ಸಂಗತಿಗಳ ನಿಷ್ಠೆಗಾಗಿ: ಹೊತ್ತಿಗೆ ಸರಿಯಾಗಿ ಬರುವದು, ಉಡುಪು ಒಪ್ಪವಾಗಿರುವದು, ಹಿರಿಯರೊಡನೆ ಮರ್ಯಾದೆಯಿಂದ ಮಾತಾಡುವದು. ರಾಷ್ಟ್ರದಲ್ಲಿಯೇ ಶ್ರೇಷ್ಠಳಾದ ಆಟಗಾರ್ತಿಗೂ, ಬೆಂಚು ಬಿಟ್ಟು ಏಳದವಳಿಗೂ ಒಂದೇ ನಿಯಮ. ಚೆಂಡು ಹಾಕುವದಕ್ಕೂ ಅಂಗಿಯ ಅಂಚಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಯಾರೂ ನೋಡದಿರುವಾಗ ಸಣ್ಣ ನಿಯಮವನ್ನು ಪಾಲಿಸುವವಳೇ, ದಣಿದ ಕಡೆಯ ನಿಮಿಷದಲ್ಲಿ ತನ್ನ ಸ್ಥಾನವನ್ನು ಬಿಡದೆ ನಿಲ್ಲುವಳು, ಸಂಬಂಧ ಇಷ್ಟೇ.

ಎರಡನೆಯ ಸ್ಥಾನದವರು ಮೊದಲನೆಯ ಸ್ಥಾನಕ್ಕೆ ಅಸಮರ್ಥರೋ? 2021ರ ಮಾರ್ಚದಲ್ಲಿ ರಾಷ್ಟ್ರೀಯ ಪಂದ್ಯಗಳು ಆರಂಭವಾದಾಗ ಔರಿಯೆಮ್ಮಾ ಅವರಿಗೆ ಕೋವಿಡ್ ತಗಲಿ ತಂಡದೊಡನೆ ಇರಲಾಗಲಿಲ್ಲ. ಮೊದಲನೆಯ ಎರಡು ಆಟಗಳನ್ನು ಡೇಲಿಯವರೇ ನಡಿಸಿದರು. ಒಂದನ್ನು 102ಕ್ಕೆ 59ರಂತೆ, ಇನ್ನೊಂದನ್ನು 83ಕ್ಕೆ 47ರಂತೆ ತಂಡವು ಗೆದ್ದಿತು. ಔರಿಯೆಮ್ಮಾ ಅವರು ಹಿಂದಿರುಗಿದ ಕೂಡಲೆ ಡೇಲಿಯವರು ತಮ್ಮ ಹಿಂದಿನ ಆಸನಕ್ಕೆ ಮರಳಿದರು. ದೀಪವನ್ನು ಹಿಡಿಯಬಲ್ಲವರು ಅದನ್ನು ಮರಳಿ ಕೊಡಲೂ ಬಲ್ಲವರಾಗಿದ್ದರು. 2018ರಲ್ಲಿ ಸ್ತ್ರೀಯರ ಬಾಸ್ಕೆಟ್‌ಬಾಲ್ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. 2024ರ ನವೆಂಬರ 20ರಂದು ಔರಿಯೆಮ್ಮಾ ಅವರು 1,217ನೆಯ ಗೆಲುವಿನಿಂದ ಕಾಲೇಜು ಬಾಸ್ಕೆಟ್‌ಬಾಲಿನ ಎಲ್ಲ ಕೋಚುಗಳನ್ನು ಮೀರಿದಾಗ, ಇಬ್ಬರ ನಾಲ್ವತ್ತನೆಯ ವರ್ಷವನ್ನೂ ಕೂಡಿಯೇ ಸನ್ಮಾನಿಸಿದರು.

ಭಾರ ಹೊತ್ತ ಇನ್ನೊಬ್ಬರು

ಟೆನೆಸೀ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ ಸಮಿಟ್ ಎಂಬ ಮಹಾಕೋಚಿನ ಬಳಿಯಲ್ಲಿ ಹಾಲಿ ವಾರ್ಲಿಕ್ ಅವರು 1985ರಿಂದ 27 ವರ್ಷ ಸಹಾಯಕರಾಗಿದ್ದರು. 2011ರಲ್ಲಿ ಸಮಿಟ್ ಅವರು ತಮಗೆ ನೆನಪನ್ನು ಅಳಿಸುವ ಆಲ್ಝೈಮರ್ ವ್ಯಾಧಿ ತಗಲಿದೆಯೆಂದು ಬಹಿರಂಗವಾಗಿ ತಿಳಿಸಿದರು. ಮುಂದಿನ ಒಂದು ವರ್ಷ ಮುಖ್ಯರ ಹೆಸರು ಸಮಿಟ್ ಅವರದಾಗಿದ್ದು, ಕೆಲಸದ ಬಹುಭಾಗವನ್ನು ವಾರ್ಲಿಕ್ ಅವರು ಹೊತ್ತರು. 2012ರಲ್ಲಿ ಅವರೇ ಮುಖ್ಯರಾಗಿ, 2019ರ ವರೆಗೆ ಆ ಸ್ಥಾನದಲ್ಲಿದ್ದರು. ಅಮಾಲೇಕ್ಯರೊಡನೆ ಯುದ್ಧವಾದ ದಿನ ಮೋಶೆಯ ಕೈಗಳು ಸೋತಾಗ ಆರೋನನೂ ಹೂರನೂ ಎರಡು ಕಡೆ ನಿಂತು ಸೂರ್ಯನು ಮುಳುಗುವ ತನಕ ಅವುಗಳನ್ನು ಎತ್ತಿ ಹಿಡಿದ ಸಂಗತಿಯನ್ನು ನೀವು ವಿಮೋಚನಕಾಂಡದಲ್ಲಿ ಓದಿದ್ದೀರಿ. ಆ ಕೈಗಳು ಮೋಶೆಯವೇ. ಅವುಗಳನ್ನು ಎತ್ತಿ ಹಿಡಿದ ಬಲವಾದರೋ ಬೇರೆಯವರದು.

ಒಂದು ಎಚ್ಚರಿಕೆ

ಇಷ್ಟನ್ನು ಓದಿ, ಹೆಣ್ಣುಮಕ್ಕಳು ಯಾವಾಗಲೂ ಎರಡನೆಯ ಸ್ಥಾನದಲ್ಲಿಯೇ ಇರತಕ್ಕವರೆಂದು ಯಾರೂ ತಿಳಿಯಬಾರದು. ಅಮೇರಿಕೆಯಲ್ಲಿ 1972ರ ಕಾಯ್ದೆಯಿಂದ ವಿದ್ಯಾಲಯಗಳಲ್ಲಿ ಸ್ತ್ರೀಪುರುಷರಿಗೆ ಸಮಾನ ಅವಕಾಶ ದೊರೆಯಿತು. ಆ ವರ್ಷ ಕಾಲೇಜು ಸ್ತ್ರೀಯರ ತಂಡಗಳ ಕೋಚುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಸ್ತ್ರೀಯರೇ ಇದ್ದರು. ತರುವಾಯ ಆ ಹುದ್ದೆಗಳಿಗೆ ಸಂಬಳವೂ ಗೌರವವೂ ಹೆಚ್ಚಲು ಪುರುಷರು ಬಂದು ಸೇರಿದರು. ಸ್ತ್ರೀಯರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಹುಡುಗಿಯರಿಗೆ ಆಡುವ ಬಾಗಿಲು ತೆರೆದಾಗ, ಅವರನ್ನು ನಡಿಸುವ ಬಾಗಿಲು ಸ್ತ್ರೀಯರಿಗೆ ಕಿರಿದಾದದ್ದು ವಿಚಾರಿಸತಕ್ಕ ಸಂಗತಿ.

ಆದದ್ದರಿಂದ ಎರಡನೆಯ ಸ್ಥಾನಗಳು ಎರಡು ವಿಧವೆಂದು ತಿಳಿಯಿರಿ. ಒಂದು, ಬೇರೆಯವರು ನಮ್ಮನ್ನು ತಳ್ಳಿ ಕೂಡಿಸಿದ್ದು. ಇನ್ನೊಂದು, ನಮ್ಮ ಸಾಮರ್ಥ್ಯವು ಎಲ್ಲಿ ಹೆಚ್ಚು ಫಲ ಕೊಡುವದೆಂದು ನಾವೇ ತೂಗಿನೋಡಿ ಆರಿಸಿಕೊಂಡದ್ದು. “ನೀನು ಹೆಣ್ಣು, ತಮ್ಮನು ಕಲಿಯಲಿ, ನೀನು ಮನೆಯಲ್ಲಿರು” ಎಂದು ಹೇಳಿ ಕೊಡುವ ಸ್ಥಾನ ಮೊದಲನೆಯ ವಿಧದ್ದು. ಅದನ್ನು ತಾಳ್ಮೆಯೆಂಬ ಹೆಸರಿನಿಂದ ಒಪ್ಪಿಕೊಳ್ಳುವದು ಸದ್ಗುಣವಲ್ಲ. ಅಂಥಲ್ಲಿ ವಿನಯದಿಂದ, ಆದರೆ ಗಟ್ಟಿಯಾಗಿ, ಮಾತಾಡಬೇಕು. ತಂದೆತಾಯಿಗಳೊಡನೆ ಮಾತಾಡುವದಕ್ಕೆ ನಿಮ್ಮ ಶಿಕ್ಷಕಿಯರ ಸಹಾಯವನ್ನು ಕೇಳಿರಿ. ಎರಡನೆಯ ವಿಧದ ಸ್ಥಾನವಾದರೋ ಗೌರವವುಳ್ಳದ್ದು. ಅದರಲ್ಲಿರುವವಳಿಗೆ ಬೇಕಾದವು ಮೂರು: ತನ್ನ ಕೆಲಸವನ್ನು ಮುಖ್ಯರಷ್ಟೇ ಚೆನ್ನಾಗಿ ಬಲ್ಲ ಜ್ಞಾನ, ಮುಖ್ಯರು ತಪ್ಪಿದಾಗ ಏಕಾಂತದಲ್ಲಿ ಹೇಳಿ ಬಹಿರಂಗದಲ್ಲಿ ಕೂಡಿ ನಿಲ್ಲುವ ಸತ್ಯ, ಕರೆ ಬಂದ ದಿನ ಮುಂದೆ ನಿಲ್ಲುವ ಸಿದ್ಧತೆ. ಈ ಮೂರೂ ಇಲ್ಲದವಳು ಸಹಾಯಕಳಲ್ಲ, ಬರೇ ನೆರಳು.

ನಮ್ಮ ಶಾಲೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಎಲ್ಲರೂ ಮುಖ್ಯಾಧ್ಯಾಪಕಿಯರೂ ವೈದ್ಯರೂ ಆಗಲಾರರು. ದಾದಿಯರು, ಅಂಗನವಾಡಿಯ ಕಾರ್ಯಕರ್ತೆಯರು, ಸಹಶಿಕ್ಷಕಿಯರು, ಕಚೇರಿಯ ಗುಮಾಸ್ತರು ಆಗುವವರು ಬಹಳ. ನಿಮ್ಮ ಹುದ್ದೆಯ ಹೆಸರು ಸಣ್ಣದಾಗಿದ್ದರೆ ಚಿಂತೆಯಿಲ್ಲ. ನಿಮ್ಮ ಕೆಲಸದ ಅಳತೆ ಸಣ್ಣದಾಗದಿರಲಿ. ಮುಖ್ಯಸ್ಥರಾಗುವವರೂ ಇದನ್ನು ಮರೆಯಬಾರದು: ಬಹುಮಾನ ಬಂದ ದಿನ ಪಕ್ಕದಲ್ಲಿದ್ದವರ ಹೆಸರನ್ನು ಮೊದಲು ಹೇಳಿರಿ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಮೊದಲನೆಯ ವರ್ಷ 12 ಗೆಲುವು, 15 ಸೋಲು ಕಂಡ ತಂಡದಲ್ಲಿ ನೀವಿದ್ದರೆ, ಎರಡನೆಯ ವರ್ಷದ ಮೊದಲನೆಯ ದಿನ ಏನು ಮಾಡುತ್ತಿದ್ದಿರಿ?
2. ನಿಮ್ಮ ಮನೆಯಲ್ಲಿ ಅಥವಾ ಊರಲ್ಲಿ ಇತರರ ಕೈಯನ್ನು ಎತ್ತಿ ಹಿಡಿದ ಒಬ್ಬ ಸ್ತ್ರೀಯನ್ನು ನೆನೆದು, ಅವರ ಕೆಲಸವನ್ನು ಹತ್ತು ಸಾಲುಗಳಲ್ಲಿ ಬರೆಯಿರಿ. ಬರೆದದ್ದನ್ನು ಅವರ ಮುಂದೆಯೇ ಓದಿರಿ.
3. ನೀವು ಈಗ ಇರುವ ಎರಡನೆಯ ಸ್ಥಾನವು ತಳ್ಳಿ ಕೂಡಿಸಿದ್ದೋ, ಆರಿಸಿಕೊಂಡದ್ದೋ? ಹೇಗೆ ತಿಳಿಯುವಿರಿ?