ಓದು ಮಕ್ಕಳದು, ವೇಳೆ ಮನೆಯದು: ಎಸ್ಸೆಸ್ಸೆಲ್ಸಿ ಪಾಲಕರಿಗೆ ಹನ್ನೆರಡು ಸೂತ್ರಗಳು

ಅಂಕಲಗಿ ಸುತ್ತಲಿನ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಓದು ಬಿಗಿಯಾಗುವ ಹೊತ್ತಿಗೇ ಕಬ್ಬಿನ ಹಂಗಾಮೂ ಬಿಗಿಯಾಗಿರುತ್ತದೆ. ದೀಪಾವಳಿಯ ಆಚೀಚೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದರೆ ಫೆಬ್ರುವರಿ ಮುಗಿಯುವ ತನಕ ರಸ್ತೆಯ ಮೇಲೆ ಟ್ರ್ಯಾಕ್ಟರ್ ಸಾಲು ಕಡಿಮೆಯಾಗುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳ ಪಾಡು ಇದೇ. ಪಾಲಕರ ಸಭೆಗೆ ಕರೆದರೆ ಎಷ್ಟೋ ಅಪ್ಪಂದಿರು, "ನಾವು ಸಾಲಿ ಕಲಿತಾವ್ರಲ್ರೀ ಸರ, ಹುಡುಗರಿಗೆ ಏನ್ ಹೇಳಿಕೊಡೂನು?" ಎಂದು ತಲೆ ತಗ್ಗಿಸಿ ಕೂಡುತ್ತಾರೆ. ತಲೆ ತಗ್ಗಿಸಬೇಕಾಗಿಲ್ಲ. ಹೇಳಿಕೊಡಲು ಶಾಲೆ ಇದೆ. ಮನೆಯವರು ಕೊಡಬೇಕಾದ್ದು ವೇಳೆ, ಮತ್ತು ಕೇಳಿಸಿಕೊಳ್ಳುವ ಕಿವಿ. ಅದಕ್ಕೆ ಅಕ್ಷರ ಬೇಕಿಲ್ಲ.

1. ಜನವರಿಯಿಂದ ಹೊಲದ ಕೆಲಸ ಬಿಡಿಸಿ

"ಒಂದ್ ರವಿವಾರ ಬಾ, ಕಬ್ಬು ಕಡಿಯೋ ಗ್ಯಾಂಗಿನವ್ರಿಗೆ ಊಟ ಒಯ್ದು ಕೊಟ್ಟು ಬಾ" ಎಂದು ಶುರುವಾಗುವುದು ವಾರಕ್ಕೆ ಮೂರು ದಿನಕ್ಕೆ ಬಂದು ನಿಲ್ಲುತ್ತದೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರಂತೂ ನೀರು ಹಾಯಿಸಲು ಬ್ಯಾಟರಿ ಹಿಡಿದು ಹೋಗುವವನು ಹತ್ತನೇ ತರಗತಿಯ ಹುಡುಗನೇ. ಮರುದಿನ ಅವನು ತರಗತಿಯಲ್ಲಿ ತೂಕಡಿಸಿದರೆ ತಪ್ಪು ಅವನದಲ್ಲ.

ಹುಡುಗಿಯರ ಕೆಲಸ ಇನ್ನೂ ಹೆಚ್ಚು, ಆದರೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ನೀರು ತರುವುದು, ಮುಸುರೆ ತಿಕ್ಕುವುದು, ಬಟ್ಟೆ ಒಗೆಯುವುದು, ತಮ್ಮನನ್ನು ಹಿಡಿಯುವುದು. ದಿನಕ್ಕೆ ಎರಡೇ ತಾಸು ಎಂದುಕೊಂಡರೂ ಜನವರಿ ಮೊದಲ ದಿನದಿಂದ ಮಾರ್ಚ್ ಮಧ್ಯದವರೆಗೆ ಸುಮಾರು 150 ತಾಸು. ಒಂದು ಇಡೀ ವಿಷಯವನ್ನು ಎರಡು ಸಲ ತಿರುವಿ ಹಾಕುವಷ್ಟು ವೇಳೆ ಇದು. ಈ ಎರಡೂವರೆ ತಿಂಗಳು ಮುಸುರೆಯನ್ನು ಅಣ್ಣನೂ ತಿಕ್ಕಲಿ, ಅಪ್ಪನೂ ತಿಕ್ಕಲಿ.

2. ಪುಸ್ತಕ ಮುಚ್ಚಿಸಿ, ಬಾಯಿಂದ ಹೇಳಿಸಿ

ಹನ್ನೆರಡರಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದರೆ ಇದನ್ನೇ ಮಾಡಿ. ಒಂದೇ ಪಾಠವನ್ನು ಐದು ಸಲ ಓದಿದ ಹುಡುಗನಿಗೆ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿದಾಗಲೇ ಗೊತ್ತಿಲ್ಲದ್ದು ಬಯಲಿಗೆ ಬರುವುದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ನೋಡದೆ ನೆನಪಿಸಿಕೊಂಡು ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದ್ದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ, ವಾರಗಳ ಮೇಲೆ.

ಇದಕ್ಕೆ ಕಲಿತ ತಾಯಿಯೇ ಆಗಬೇಕೆಂದಿಲ್ಲ. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಮಗಳು ಪಕ್ಕದಲ್ಲಿ ಕೂತು ಮೂತ್ರಪಿಂಡದ ಪಾಠ ಒಪ್ಪಿಸುತ್ತಿದ್ದಾಳೆ ಎಂದುಕೊಳ್ಳಿ. ರಕ್ತ ಬರುತ್ತದೆ, ನೆಫ್ರಾನಿನಲ್ಲಿ ಸೋಸುತ್ತದೆ, ಮೂತ್ರ ಹೊರಗೆ ಹೋಗುತ್ತದೆ ಎಂದು ಸರಸರ ಹೇಳಿ ಮುಗಿಸುತ್ತಾಳೆ. ಅವ್ವ ರೊಟ್ಟಿ ತಿರುವುತ್ತ, "ಸೋಸಿದ ಮ್ಯಾಲ ಛಲೋದೆಲ್ಲಾ ಎಲ್ಲಿ ಹೋಗತೈತಿ ಯವ್ವಾ? ಅದೂ ಹೊರಗ ಹೋಗತೈತೇನು?" ಎನ್ನುತ್ತಾಳೆ. ಮಗಳ ಬಾಯಿ ಕಟ್ಟುತ್ತದೆ. ಗ್ಲೂಕೋಸು, ಅಮೈನೋ ಆಮ್ಲ, ಲವಣ, ನೀರು ಮರುಹೀರಿಕೆಯಾಗಿ ರಕ್ತಕ್ಕೆ ವಾಪಸು ಬರುವ ಭಾಗವನ್ನೇ ಅವಳು ಬಿಟ್ಟಿದ್ದಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೊರಗೆ ಹೋಗುವುದು ಒಂದೆರಡು ಲೀಟರ್ ಮಾತ್ರ ಎಂದು ಪುಸ್ತಕದಲ್ಲೇ ಇದೆ. ತಾಯಿಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಮಾತ್ರ ಮಾಸ್ತರರು ಕೇಳುವಂಥದ್ದೇ.

ಹಾಗಾಗಿ ದಿನಾ ಅರ್ಧ ತಾಸು ಎದುರಿಗೆ ಕೂಡಿಸಿಕೊಳ್ಳಿ. "ಯಾಕ?", "ಆಮ್ಯಾಲ ಏನಾತು?", "ನನಗ ತಿಳಿವಲ್ತು, ಇನ್ನೊಮ್ಮೆ ಹೇಳು." ಈ ಮೂರು ಮಾತು ಸಾಕು. ಇವತ್ತು ಹೇಳಿಸಿದ್ದನ್ನು ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಹೇಳಿಸಿ.

3. ಗಡಿಯಾರ ಇಟ್ಟು ಬರೆಸಿ

ಗೊತ್ತಿದ್ದೂ ಬರೆಯಲು ವೇಳೆ ಸಾಲದೆ ಅಂಕ ಬಿಟ್ಟು ಬರುವ ಮಕ್ಕಳು ಬಹಳ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಊರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಬಹುದು. ಪ್ರತಿ ರವಿವಾರ ಒಂದು ಪತ್ರಿಕೆ, ಕುಳಿತ ಜಾಗ ಬಿಟ್ಟು ಏಳದೆ. ಮೊದಲ 15 ನಿಮಿಷ ಪೆನ್ನು ಮುಟ್ಟದೆ ಪ್ರಶ್ನೆ ಓದಲಿ. ಪರೀಕ್ಷೆಯಲ್ಲೂ ಓದಲೆಂದೇ ಅಷ್ಟು ವೇಳೆ ಕೊಡುತ್ತಾರೆ. ವೇಳೆ ಮುಗಿದ ಕೂಡಲೇ ಹಾಳೆ ಇಸಿದುಕೊಳ್ಳಿ, ಕನಿಕರ ಬೇಡ.

4. ಹಿಂದುಳಿದ ಮಗುವಿಗೆ ಮೊದಲು ಕೈಗೆಟುಕುವ ಅಂಕ

ಗಣಿತ ಎಂದರೆ ಎದೆ ನಡುಗುವ ಮಕ್ಕಳಿಗೆ "ಇಡೀ ಪುಸ್ತಕ ಓದು" ಎನ್ನುವುದು ಓದಬೇಡ ಎಂದ ಹಾಗೆಯೇ. ಪತ್ರಿಕೆಯನ್ನು ಬಿಡಿಸಿ ತೋರಿಸಿ. ಇತ್ತೀಚಿನ ವರ್ಷಗಳ 80 ಅಂಕದ ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ. ಅದರಲ್ಲಿ ಮೊದಲ 16 ಒಂದೊಂದು ಅಂಕದವು. ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯುವ ಲೆಕ್ಕ, ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎನ್ನುವ ಪ್ರಮೇಯ, ಇವೆಲ್ಲ ಕೈ ಪಳಗಿದರೆ ಕೈಬಿಡದ ಭಾಗಗಳು. ವಿಜ್ಞಾನದಲ್ಲಿ ಚಿತ್ರಗಳು: ಹೃದಯ, ಮೆದುಳು, ನೆಫ್ರಾನ್, ಹೂವಿನ ನೀಳಛೇದ. ದಿನಕ್ಕೊಂದು ಚಿತ್ರ ಬಿಡಿಸಿ, ಭಾಗ ಗುರುತಿಸಿ ಮಲಗಲಿ. ಸಮಾಜ ವಿಜ್ಞಾನಕ್ಕೆ ಭಾರತದ ನಕಾಶೆಯನ್ನು ಗೋಡೆಗೆ ಅಂಟಿಸಿ.

ಕನ್ನಡದ ಮಾತು ಬೇರೆಯೇ ಇದೆ. ಮನೆಮಾತು ತಾನೇ ಎಂದು ನಮ್ಮ ಕಡೆ ಅದನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ. ಪ್ರಥಮ ಭಾಷೆಗೆ 125 ಅಂಕ. ಬೇರಾವ ವಿಷಯಕ್ಕೂ ಅಷ್ಟಿಲ್ಲ. ಪದ್ಯದ ಕಂಠಪಾಠ, ಛಂದಸ್ಸಿನ ಪ್ರಸ್ತಾರ, ಅಲಂಕಾರ, ಪತ್ರ, ಗಾದೆ ವಿಸ್ತರಣೆ, ಇವುಗಳಲ್ಲಿ ಅಂಕ ಬಿಡುವುದು ನಿಜಕ್ಕೂ ನಷ್ಟ. ಗಾದೆಯ ಅರ್ಥವನ್ನು ಗೈಡಿಗಿಂತ ಚೆನ್ನಾಗಿ ಹೇಳುವವರು ಮನೆಯಲ್ಲೇ ಇದ್ದಾರೆ, ಅಜ್ಜ ಅಜ್ಜಿಯ ಹತ್ತಿರ ಕಳಿಸಿ.

5. ಶಾಲೆಯ ಕೈಯಲ್ಲಿರುವ 20 ಅಂಕ ಮರೆಯಬೇಡಿ

ಪ್ರಥಮ ಭಾಷೆಗೆ 25, ಗಣಿತ, ವಿಜ್ಞಾನದಂಥ ವಿಷಯಗಳಿಗೆ 20 ಆಂತರಿಕ ಅಂಕಗಳು. ವರ್ಷದುದ್ದಕ್ಕೂ ನಡೆಯುವ ಕಿರುಪರೀಕ್ಷೆ, ಚಟುವಟಿಕೆಗಳಿಂದ ಬರುವಂಥವು. ವಾರಗಟ್ಟಲೆ ಶಾಲೆ ತಪ್ಪಿಸಿದ ಮಗುವಿಗೆ ಇವು ಕೈತಪ್ಪುತ್ತವೆ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ವರ್ಗಶಿಕ್ಷಕರನ್ನು ಕಂಡು, ಯಾವ ವಿಷಯದಲ್ಲಿ ಹಿಂದಿದ್ದಾನೆ ಎಂದು ಕೇಳಿ. ಬೈಸಿಕೊಳ್ಳಲಿಕ್ಕೆ ಕರೆಸುತ್ತಾರೆ ಎನ್ನುವ ಅಂಜಿಕೆ ಬೇಡ. ಪಾಲಕರು ಬರಲಿ ಎಂದೇ ಮಾಸ್ತರರು ಕಾಯುತ್ತಿರುತ್ತಾರೆ.

6. ಮೊಬೈಲಿನ ನಿಯಮ ಇಡೀ ಮನೆಗೆ

ಅಪ್ಪ ಪಡಸಾಲೆಯಲ್ಲಿ ರೀಲ್ಸ್ ನೋಡುತ್ತ ಮಗನಿಗೆ "ಓದ್ಕೋ ಹೋಗು" ಎಂದರೆ ಆ ಮಾತಿಗೆ ಬೆಲೆ ಇಲ್ಲ. ಸಂಜೆ ಏಳರಿಂದ ಒಂಬತ್ತೂವರೆ ತನಕ ಎಲ್ಲರ ಮೊಬೈಲೂ ಒಂದೇ ಮಾಡದಲ್ಲಿರಲಿ, ಟಿ.ವಿ. ಬಂದಾಗಿರಲಿ. ಯೂಟ್ಯೂಬಿನಲ್ಲಿ ಪಾಠ ನೋಡಬೇಕಾದರೆ ನೋಡಲಿ, ಪಡಸಾಲೆಯಲ್ಲೇ ಕೂತು.

7. ಬೆಳಕು ಮತ್ತು ನಿದ್ದೆ

ತೋಟದ ಮನೆಗಳಲ್ಲಿ ಇರುವವರಿಗೆ ಮೊದಲ ಖರ್ಚು ಒಂದು ಒಳ್ಳೆಯ ರೀಚಾರ್ಜ್ ಲೈಟು. ಕರೆಂಟು ಹೆಸ್ಕಾಂನದಿರಲಿ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದಿರಲಿ, ಬೇಸಿಗೆ ಹತ್ತಿರಾದಂತೆ ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಓದಲು ತೋಟದಲ್ಲಿ ಬೆಳಕೇ ಇಲ್ಲವಾದರೆ ಎರಡು ತಿಂಗಳು ಊರೊಳಗಿನ ಸೋದರಮಾವನ ಮನೆಯಲ್ಲಿ ಇಡಿ.

ರಾತ್ರಿಯೆಲ್ಲ ಕೂತು ಓದುವುದನ್ನು ಹೊಗಳಬೇಡಿ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ತಾಸು ನಿದ್ದೆ ಬೇಕು ಎನ್ನುವುದು ನಿದ್ದೆಯ ತಜ್ಞರ ಲೆಕ್ಕ. ಹಗಲು ಓದಿದ್ದು ನೆಲೆಯೂರುವುದೇ ನಿದ್ದೆಯಲ್ಲಿ. ಹತ್ತಕ್ಕೆ ಮಲಗಲಿ, ಆರಕ್ಕೆ ಏಳಲಿ. ನಸುಕಿನಲ್ಲಿ ಹಾಡು ಹಚ್ಚಿಕೊಂಡು ಹೋಗುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಊರ ಹಿರಿಯರು ಒಂದು ಮಾತು ಹೇಳಬೇಕು. ಪಂಚಾಯಿತಿ ಕಟ್ಟೆಯಲ್ಲಿ ಕೂತು ಒಮ್ಮೆ ತೀರ್ಮಾನ ಮಾಡಿದರೆ ಡ್ರೈವರುಗಳು ಕೇಳುತ್ತಾರೆ. ಅವರ ಮನೆಯಲ್ಲೂ ಓದುವ ಮಕ್ಕಳಿದ್ದಾರೆ.

8. ಜಾತ್ರೆ, ಮದುವೆ, ಹಬ್ಬ

ಸವದತ್ತಿ ಎಲ್ಲಮ್ಮನ ಭಾರತ ಹುಣ್ಣಿಮೆ ಬರುವುದು ಪೂರ್ವಸಿದ್ಧತಾ ಪರೀಕ್ಷೆಯ ಆಸುಪಾಸಿಗೇ. ಹೋಳಿ ಮಾರ್ಚಿನಲ್ಲಿ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ರಂಜಾನ್ ಹಬ್ಬ ಮರುದಿನ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ನಡೆದಿತ್ತು. ಹಬ್ಬ ಮುಂದೂಡಲಾಗದು. ಹಬ್ಬದ ದಿನ ಅರ್ಧ ದಿನ ರಜೆ ಕೊಟ್ಟು, ಉಳಿದರ್ಧ ಓದಿಗೆ ಎಂದು ಮೊದಲೇ ಮಾತಾಡಿಕೊಳ್ಳಿ. ನೆಂಟರ ಮದುವೆಗೆ ಒಬ್ಬರು ಹೋಗಿ ಮುಯ್ಯಿ ಮಾಡಿ ಬಂದರೆ ಸಾಕು.

9. ಹೋಲಿಸಬೇಡಿ

"ಗೌಡ್ರ ಹುಡುಗಿ ನೋಡು, ನೀನೂ ಇದ್ದಿ" ಎನ್ನುವ ಮಾತು ಯಾವ ಮಗುವಿಗೂ ಹತ್ತು ಅಂಕ ತಂದುಕೊಟ್ಟಿಲ್ಲ. ಹೋದ ಕಿರುಪರೀಕ್ಷೆಯಲ್ಲಿ ಅವನಿಗೇ ಬಂದ ಅಂಕದ ಜೊತೆ ಹೋಲಿಸಿ. ಕುಡಿತ, ಜಗಳ, ಸಾಲದ ಮಾತು ಈ ದಿನಗಳಲ್ಲಾದರೂ ಓದುವ ಕೋಣೆಗೆ ಕೇಳಿಸದಿರಲಿ.

10. ಚೀಟಿಯ ಆಸೆ ತೋರಿಸಬೇಡಿ

ಪರೀಕ್ಷಾ ಕೇಂದ್ರದ ಕಂಪೌಂಡಿಗೆ ಹತ್ತಿ ಚೀಟಿ ಎಸೆಯುವ ಅಣ್ಣಂದಿರು, ಮಾವಂದಿರು ನಮ್ಮ ಕಡೆ ಇದ್ದರು. ಆ ಕಾಲ ಹೋಯಿತು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕ ಕೊಟ್ಟ ಮೇಲೂ ಶೇ 73.40. ಕೃಪಾಂಕ ನಿಲ್ಲಿಸಿದ 2025ರ ಪರೀಕ್ಷೆ-1ರಲ್ಲಿ ಶೇ 62.34. ಇಷ್ಟು ದಿನ ಎಷ್ಟು ಮಕ್ಕಳನ್ನು ಓದಿಸದೆಯೇ ಪಾಸು ಮಾಡಿಸುತ್ತಿದ್ದೆವು ಎನ್ನುವುದು ಈ ಅಂಕಿಗಳಲ್ಲಿದೆ. "ಹೆಂಗಾರ ಮಾಡಿ ಪಾಸ್ ಮಾಡಸೂಣು" ಎನ್ನುವ ಮಾತನ್ನು ಮಗುವಿನ ಮುಂದೆ ಆಡಿದ ದಿನವೇ ಅದರ ಓದು ನಿಲ್ಲುತ್ತದೆ.

11. ಪರೀಕ್ಷೆಯ ದಿನ

ಹಾಲ್ ಟಿಕೆಟ್, ಎರಡು ಪೆನ್ನು, ಕಂಪಾಸ್, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಬೇರೆ ಊರಿನ ಕೇಂದ್ರವಾದರೆ ಒಂದು ದಿನ ಮೊದಲೇ ಹೋಗಿ ನೋಡಿ ಬನ್ನಿ. ಇತ್ತೀಚಿನ ವರ್ಷಗಳಲ್ಲಿ ಹಾಲ್ ಟಿಕೆಟ್ ತೋರಿಸಿದರೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಕೊನೆಯ ಬಸ್ಸನ್ನು ನೆಚ್ಚಬೇಡಿ, ಅದರ ಹಿಂದಿನದಕ್ಕೆ ಹತ್ತಿಸಿ. ಬೆಳಗ್ಗೆ ಹಗುರ ಊಟ. ಹೊರಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಹಿಡಿದು ಉತ್ತರ ತಾಳೆ ನೋಡುವುದು ಬೇಡ. ಮುಂದಿನ ಪೇಪರ್ ಯಾವುದು, ನಡುವೆ ಎಷ್ಟು ದಿನ, ಅಷ್ಟನ್ನೇ ಕೇಳಿ.

12. ಫಲಿತಾಂಶದ ದಿನ

ಆ ದಿನ ಅಪ್ಪ ಅಥವಾ ಅವ್ವ ಒಬ್ಬರು ಮನೆಯಲ್ಲಿರಲೇಬೇಕು. ಕಡಿಮೆ ಬಂದರೆ ಮೊದಲ ಮಾತು ಊಟದ್ದಾಗಿರಲಿ. ಮಗು ಮಾತು ಬಿಟ್ಟು ಮೂಲೆ ಹಿಡಿದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಖಡಾಖಂಡಿತ ಹೇಳಬೇಕು. ಒಂದು ವಿಷಯ ಹೋಯಿತೆಂದರೆ ಮನೆಗೆ ಬರುವ ಮೊದಲ ಸಲಹೆ, "ಇನ್ನೇನ್ ಓದಸ್ತೀರಿ, ಗಂಡು ನೋಡ್ರಿ." ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ, ಮಾಡಿಸಿದವರಿಗೂ ಶಿಕ್ಷೆ ಇದೆ. ಅದಕ್ಕಿಂತ ಮೊದಲು, ಅವಳು ಕಳೆದುಕೊಂಡಿದ್ದು ಒಂದು ಪೇಪರ್ ಮಾತ್ರ. ಪರೀಕ್ಷೆ-1ರಲ್ಲಿ ಹೋದದ್ದನ್ನು ಅದೇ ವರ್ಷ ಪರೀಕ್ಷೆ-2ರಲ್ಲಿ ಮತ್ತೆ ಬರೆಯುವ ಅವಕಾಶ ರಾಜ್ಯದಲ್ಲಿದೆ. ಹಾಗೆ ಬರೆದು ಪಾಸಾದವರು ಅದೇ ವರ್ಷ ಪಿಯುಸಿ ಸೇರಿದ್ದಾರೆ. ಪಾಸಾಗಿಯೂ ಅಂಕ ಸಾಲದವರು ಸಹ ಬರೆಯಬಹುದು, ಹೆಚ್ಚು ಬಂದದ್ದೇ ಲೆಕ್ಕಕ್ಕೆ. ಉತ್ತರಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕುವ ದಾರಿಯೂ ಇದೆ. ಫಲಿತಾಂಶದ ಮರುದಿನವೇ ಶಾಲೆಗೆ ಹೋಗಿ, ಪರೀಕ್ಷೆ-2ಕ್ಕೆ ಹೆಸರು ಹಚ್ಚಲು ಕಡೆಯ ದಿನ ಯಾವುದೆಂದು ಮುಖ್ಯಗುರುಗಳನ್ನು ಕೇಳಿ. ಅದಕ್ಕೆ ಕೊಡುವ ಅವಧಿ ಬಹಳ ಚಿಕ್ಕದು.