ಮಲಗಿದಲ್ಲೇ ಮಲಗಿದರೆ ಕರುಳು, ಲಿವರ್ ಏನಾಗುತ್ತವೆ?


*ಆರೋಗ್ಯ ಮಾಲಿಕೆ – ಭಾಗ 31*

ಕಳೆದ ವರ್ಷ ನಮ್ಮ ಅತ್ತೆ ಡೊಂಬಿವಲಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಎಂಟನೆಯ ದಿನ ಅವರು ಗೋಳಾಡಿದ್ದು ಕಾಲಿಗಲ್ಲ, ಹೊಟ್ಟೆಗೆ. "ಹೊಟ್ಟೆ ಕಲ್ಲಾಗಿದೆ ಕಣೇ, ಎರಡು ತುತ್ತೂ ಇಳಿಯೋಲ್ಲ." ತೊಗರಿಬೇಳೆ ಬಿಟ್ಟು ಹೆಸರುಬೇಳೆ ಮಾಡಿದೆ, ಓಮದ ನೀರು ಕೊಟ್ಟೆ, ಇಂಗು ಹಾಕಿದೆ. ಏನೂ ಆಗಲಿಲ್ಲ. ತಪ್ಪು ಅಡುಗೆಯದಲ್ಲ, ಮಂಚದ್ದು. ಡಾಕ್ಟರು ಕೂರಿಸಿ ಎಂದಿದ್ದರು. ಪಾಪ ನೋವಾಗುತ್ತೆ ಅಂತ ನಾವೇ ಏಳಿಸಿರಲಿಲ್ಲ.

ಮಲಗಿದ ಮೈಯೊಳಗೆ ಏನಾಗುತ್ತದೆಂದು ಹೆಚ್ಚು ಶ್ರದ್ಧೆಯಿಂದ ನೋಡಿದವರಲ್ಲಿ ಬಾಹ್ಯಾಕಾಶ ವಿಜ್ಞಾನಿಗಳೂ ಇದ್ದಾರೆ. ಅಲ್ಲಿ ಮೈಗೆ ಭಾರವೇ ತಿಳಿಯುವುದಿಲ್ಲ. ಆ ಸ್ಥಿತಿಯನ್ನು ಭೂಮಿಯ ಮೇಲೆ ತರಲು ಆರೋಗ್ಯವಂತರನ್ನು, ತಲೆಯ ಕಡೆ 6 ಡಿಗ್ರಿ ತಗ್ಗಿಸಿದ ಮಂಚದಲ್ಲಿ ಮಲಗಿಸುತ್ತಾರೆ. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. 2019ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಹೀಗೆ 60 ದಿನ ಮಲಗಿದವರಿದ್ದಾರೆ. ಇಲಿಗಳಿಗಾದರೆ ಬಾಲಕ್ಕೆ ಪಟ್ಟಿ ಕಟ್ಟಿ, ಹಿಂಗಾಲು ನೆಲ ತಾಗದಂತೆ ಎತ್ತಿ ನಿಲ್ಲಿಸುವ ವಿಧಾನವಿದೆ.

*ಮೊದಲು ಕರುಳು.* ನಾವು ನಡೆದಾಡಿದರೆ ಕರುಳೂ ನಡೆಯುತ್ತದೆ. ಮಲಗಿದವರಲ್ಲಿ ಅದು ನಿಧಾನ. ಮಲ ಒಳಗೇ ಹೆಚ್ಚು ಹೊತ್ತು ಉಳಿದು, ನೀರೆಲ್ಲ ಹೀರಿಹೋಗಿ ಗಟ್ಟಿಯಾಗುತ್ತದೆ. ಕರುಳಿನ ಒಳಗೋಡೆ ಒಂದೇ ಸಾಲು ಜೀವಕೋಶಗಳದ್ದು, ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಬಾಲ ಎತ್ತಿ ಕಟ್ಟಿದ ಇಲಿಗಳಲ್ಲಿ ಈ ಬೆಸುಗೆ ಸಡಿಲವಾದದ್ದು, ಒಳಗಿನ ಬ್ಯಾಕ್ಟೀರಿಯಾದ ಬಗೆಯೇ ಬದಲಾದದ್ದು ಕಂಡಿದೆ. (ಹಾಗೆ ನೇತಾಡುವ ಇಲಿಗೆ ಭಯವೂ ಇರುತ್ತದಲ್ಲ! ಅದರ ಪಾಲನ್ನೂ ಕಳೆದೇ ಲೆಕ್ಕ ಹಾಕಬೇಕು.)

*ಆಮೇಲೆ ಲಿವರ್.* ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದಲೇ ಬರುವುದು. ಕರುಳು ಸೋರಿದರೆ ಮೊದಲ ಪೆಟ್ಟು ಅದಕ್ಕೇ. ಜೊತೆಗೆ ಇನ್ನೊಂದು ತೊಂದರೆ: ಉಂಡ ಸಕ್ಕರೆಯಲ್ಲಿ ಬಹುಪಾಲನ್ನು ಎಳೆದುಕೊಳ್ಳಬೇಕಾದವು ಸ್ನಾಯುಗಳು. ಅವು ಸುಮ್ಮನಿದ್ದರೆ ಕೆಲವೇ ದಿನಗಳಲ್ಲಿ ಇನ್ಸುಲಿನ್‌ನ ಮಾತು ಕೇಳುವುದು ಕಡಿಮೆಯಾಗುತ್ತದೆ. ಉಳಿದ ಸಕ್ಕರೆ ಲಿವರ್‌ನಲ್ಲಿ ಕೊಬ್ಬಾಗುತ್ತದೆ.

2005ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಆರೋಗ್ಯವಂತ ಹೆಂಗಸರು 60 ದಿನ ಮಲಗಿದರು. ತೂಕ ಏರದಂತೆ ಅಳೆದು ಊಟ ಕೊಟ್ಟಿದ್ದರು. ಆದರೂ ಫ್ಯಾಟಿ ಲಿವರ್ ಕಡೆಗೆ ಬೆರಳು ಮಾಡುವ ರಕ್ತದ ಗುರುತುಗಳು ಕೆಟ್ಟವು. ಮಲಗಿದಲ್ಲೇ ವ್ಯಾಯಾಮ ಮಾಡಿದವರಲ್ಲಿ ಆ ಏರುಪೇರು ಕಡಿಮೆ. ನನಗೆ ಬಹಳ ಮುಖ್ಯವೆನಿಸಿದ್ದು ಇದೇ. 2011ರಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಸುಮಾರು 13 ದಿನ ಇದ್ದು ಬಂದ ಇಲಿಮರಿಗಾತ್ರದ ಮೌಸ್‌ಗಳ ಲಿವರ್‌ನಲ್ಲೂ ಕೊಬ್ಬು ಸೇರಿತ್ತು.

*ಮನೆಯಲ್ಲಿ ಯಾರಾದರೂ ಮಲಗಿದ್ದರೆ:*

ಆಪರೇಷನ್ ಆದ ದಿನವೇ ಡಾಕ್ಟರನ್ನು "ಯಾವಾಗ ಕೂರಿಸಬಹುದು?" ಅಂತ ಕೇಳಿ. ಈಗ ಸೊಂಟದ ಆಪರೇಷನ್ ಆದ ಮಾರನೆಯ ದಿನವೇ ಏಳಿಸುವುದು ಸಾಮಾನ್ಯ. ಒಪ್ಪಿಗೆ ಸಿಕ್ಕರೆ ಊಟ ಕುರ್ಚಿಯಲ್ಲೇ ಆಗಲಿ. ಶೌಚಕ್ಕೂ ಬೆಡ್‌ಪ್ಯಾನ್ ಬಿಟ್ಟು ಕಮೋಡ್ ಕುರ್ಚಿ ಒಳ್ಳೆಯದು. ಏಳಲು ಆಗದವರಿಗೆ ಮಲಗಿದಲ್ಲಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ.

ಶಕ್ತಿ ಬರಲಿ ಅಂತ ದಿನಕ್ಕೆ ನಾಲ್ಕು ಅಂಟಿನುಂಡೆ ಬೇಡ. ಓಡಾಡದ ಮೈಗೆ ಅದು ಎಲ್ಲಿ ಹೋಗಬೇಕು? ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳೂ ಮಲ ಕಟ್ಟಿಸುತ್ತವೆ. ನೀವೇ ನಿಲ್ಲಿಸಬೇಡಿ, ಕೇಳಿ. "ಲಿವರ್ ಕ್ಲೀನ್" ಮಾಡುವ ಪುಡಿ, ಸೊಪ್ಪಿನ ರಸದ ಮೆಸೇಜುಗಳು ನನಗೂ ಬರುತ್ತವೆ, ಅಳಿಸಿಬಿಡುತ್ತೇನೆ.

ಅತ್ತೆ ಹತ್ತನೆಯ ದಿನ ಕುರ್ಚಿಯಲ್ಲಿ ಕೂತರು, ಅತ್ತುಕೊಂಡೇ. ನಾಲ್ಕು ದಿನ ಕಳೆದ ಮೇಲೆ ಹುಣಸೆ ಗೊಜ್ಜು ಕೇಳಿದರು.

⚠️ ಹೊಟ್ಟೆ ಉಬ್ಬಿ ವಾಂತಿ, ಗ್ಯಾಸೂ ಹೋಗದಿರುವುದು, ಕಣ್ಣು ಹಳದಿ, ಟಾರಿನಂತೆ ಕಪ್ಪು ಮಲ: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಮುಂದಿನ ಭಾನುವಾರ: ಮಲಗಿದವರ ಬೆನ್ನುಹುಣ್ಣು.