ಹಳೆಯ ಕಾರಿನ ವೈರಿಂಗ್: ಕೀಳುವ ಮುನ್ನ ಗುರುತಿಸಿ

ಬೆಂಗಳೂರು–ಮೈಸೂರು ರಸ್ತೆಯ ರಾಮನಗರ, ಚನ್ನಪಟ್ಟಣಗಳ ಆಟೋ ಎಲೆಕ್ಟ್ರಿಕಲ್ ಕಾರ್ಯಾಗಾರಗಳಿಗೆ ಹಳೆಯ ಕಾರುಗಳ ವೈರಿಂಗ್ ವಿಶೇಷ ಕಸುಬಾಗಬಲ್ಲದು. 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ಖಾಸಗಿ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿ ನಿಯಮ ರೂಪಿಸಿದೆ. ಆದರೆ ಇಂದಿನ ಕಾರಿನ ಅಭ್ಯಾಸಬಲ ಇಲ್ಲಿ ನಷ್ಟ ತರಬಹುದು.

ಮೊದಲನೆಯದಾಗಿ, 1950ರ ದಶಕದ ಮಾರಿಸ್ ಮೈನರ್‌ನಲ್ಲಿ ಬ್ಯಾಟರಿಯ ಧನ ಧ್ರುವವೇ ಬಾಡಿಗೆ ಜೋಡಣೆಯಾಗಿರುತ್ತದೆ. ಇದನ್ನು ಗಮನಿಸದೆ ಎಲೆಕ್ಟ್ರಾನಿಕ್ ಉಪಕರಣ ಅಳವಡಿಸಿದರೆ ಅದು ಸುಟ್ಟುಹೋಗಬಹುದು.

ಎರಡನೆಯದಾಗಿ, ಕೆಲವು ಹಳೆಯ ಕಾರುಗಳದು 6 ವೋಲ್ಟ್ ವ್ಯವಸ್ಥೆ. 36 ವ್ಯಾಟ್ ದೀಪವು 12 ವೋಲ್ಟ್‌ನಲ್ಲಿ 3 ಆಂಪಿಯರ್ ಸೆಳೆದರೆ, 6 ವೋಲ್ಟ್‌ನಲ್ಲಿ 6 ಆಂಪಿಯರ್ ಸೆಳೆಯುತ್ತದೆ. ಆದುದರಿಂದ ತಂತಿ ದಪ್ಪವಾಗಿರಬೇಕು. ತೆಳುವಾದರೆ ದೀಪ ಮಂಕಾಗುತ್ತದೆ, ತಂತಿ ಕಾಯುತ್ತದೆ.

ಮೂರನೆಯದಾಗಿ, ಶಿಥಿಲವಾದ ಹಳೆಯ ತಂತಿಗಳೇ ಕೆಲಸಗಾರನ ನಕ್ಷೆ. ಬ್ಯಾಟರಿ ಕಳಚಿ, ಪ್ರತಿ ತುದಿಗೂ ಚೀಟಿ ಕಟ್ಟಿ, ಛಾಯಾಚಿತ್ರ ತೆಗೆದ ಬಳಿಕವಷ್ಟೇ ಒಂದೊಂದೇ ಸರ್ಕ್ಯೂಟ್ ಬದಲಿಸತಕ್ಕದ್ದು. ಬಾಡಿಗೆ ಸೇರುವ ಜಾಗದ ಬಣ್ಣ, ತುಕ್ಕು ಕೆರೆಯಬೇಕು. ಮಾರಿಸ್ ಮೈನರ್‌ನಂತಹ ಕಾರುಗಳ ಹೆಡ್‌ಲೈಟಿಗೆ ಮೂಲದಲ್ಲಿ ಫ್ಯೂಸ್ ಇರಲಿಲ್ಲ. ಗ್ರಾಹಕರ ಒಪ್ಪಿಗೆ ಪಡೆದು ಅದನ್ನು ಸೇರಿಸುವುದು ಕ್ಷೇಮಕರ.

ಗುರುತಿಸಲು ಬೇಕಾಗುವ ಕೂಲಿಯನ್ನು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿರಿ. ಶ್ರಮದ ಹೆಚ್ಚಿನ ಪಾಲು ಅದರಲ್ಲೇ ಇದೆ.